ಬಾಗಿಲ ಪಕ್ಕದ ಮೂಲೆ

ಚಿತ್ರದುರ್ಗದ ಬಂಡೆಗಳ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲೂ ಕರಗದ ಕಾಲವದು. ಸತ್ತವರು ಮನೆ ಬಿಟ್ಟು ಹೋಗುತ್ತಿರಲಿಲ್ಲ. ಬದುಕಿದ್ದಾಗ ಕೂರುತ್ತಿದ್ದ ಜಾಗದಲ್ಲೇ ತಣ್ಣಗೆ ಉಳಿದುಬಿಡುತ್ತಿದ್ದರು. ಸರ್ಕಾರಕ್ಕೆ ಮಾತ್ರ ಇದು ಹಿಡಿಸುತ್ತಿರಲಿಲ್ಲ.

ರುದ್ರಾಣಿಯ ಮಗಳು ಇಂಚರ ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿದ್ದಳು. ರುದ್ರಾಣಿ ದಿನಾ ಬೆಳಿಗ್ಗೆ ಆ ತಣ್ಣನೆಯ ನೆಲಕ್ಕೆ ಅಂಗೈ ಊರಿ, "ಏಳು ಕಂದಾ, ತಿಂಡಿ ಆಯ್ತು" ಎನ್ನುತ್ತಿದ್ದಳು.

ಮನೆ ಬೆಚ್ಚಗಿಡಲು ಹೊಸದಾಗಿ ಕೂರಿಸಿದ ಹೀಟ್ ಪಂಪಿಗೆ ಸಬ್ಸಿಡಿ ಮಂಜೂರು ಮಾಡಲು ಬಂದ ಇನ್ಸ್‌ಪೆಕ್ಟರ್ ಪಾಲಯ್ಯ ಆ ಮೂಲೆಗೆ ಥರ್ಮಾಮೀಟರ್ ಹಿಡಿದು ತಲೆಯಾಡಿಸಿದ.

"ಇಲ್ಲಿ ಯಾರೋ ಇದಾರಲ್ಲಕ್ಕಾ. ಒಂದು ಮೂಲೆ ತಣ್ಣಗಿದ್ರೂ ಸಬ್ಸಿಡಿ ಬರಲ್ಲ. ಮಿಷನ್ ವಾಪಸ್ ತಗೊಂಡು ಹೋಗ್ತಾರೆ."

ಒಳಗೆ ತೊಟ್ಟಿಲಲ್ಲಿ ರುದ್ರಾಣಿಯ ಎರಡನೇ ಕೂಸು ಕೆಮ್ಮಿತು. ಅದರ ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ಇಂಚರಳ ಜೀವ ತೆಗೆದದ್ದೂ ಇಂಥದೇ ಕೆಮ್ಮು.

ರುದ್ರಾಣಿ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತಳು. ಮಗುವನ್ನು ಎತ್ತಿಕೊಳ್ಳುವವಳಂತೆ ತೋಳು ಚಾಚಿ, "ಬಾ" ಎಂದಳು. ಆಮೇಲೆ ತಿರುಗಿ ನೋಡದೆ, "ಜೋರು ಮಾಡಿ ಸಾರ್" ಎಂದಳು.

ಪಂಪು ಗುಂಯ್‌ಗುಟ್ಟಿತು. ಗೋಡೆಗೆ ಕಟ್ಟಿದ್ದ ಮಂಜು ನೀರಾಗಿ ಇಳಿಯಿತು. ಪಾಲಯ್ಯ ಮತ್ತೊಮ್ಮೆ ಅಳೆದು, "ಈಗ ಸರಿಹೋಯ್ತು, ಮನೆಯೆಲ್ಲ ಬೆಚ್ಚಗಿದೆ. ಸಬ್ಸಿಡಿ ಬರುತ್ತೆ" ಎಂದ. ಹೊರಡುವಾಗ ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ಯಾಕಕ್ಕಾ, ಇಷ್ಟು ಬೆಚ್ಚಗಿದ್ರೂ ನಡುಗ್ತಾ ಇದೀರಲ್ಲ?"

ರುದ್ರಾಣಿ ಎರಡೂ ಕೈಯಿಂದ ಕಿಬ್ಬೊಟ್ಟೆಯನ್ನು ಅವುಚಿಕೊಂಡಳು. ಬಸುರಿಯಾಗಿದ್ದಾಗ ಇಂಚರ ಒದೆಯುತ್ತಿದ್ದಂತೆಯೇ ಒಳಗೆ ಏನೋ ಮಿಸುಕಿತು.

"ಏನಿಲ್ಲ ಸಾರ್. ಹೊಟ್ಟೆ ತಣ್ಣಗಾಯ್ತು."