ಹಿಮ್ಮಡಿ

ಚಿತ್ರಗಳು ನೋಡುಗರ ಮಾತು ಕೇಳತೊಡಗಿ ಹನ್ನೊಂದು ವರ್ಷಗಳಾಗಿದ್ದವು. ಬಹುಮಂದಿ ಬಯಸಿದಂತೆ ಅವು ಪ್ರತಿ ಸೋಮವಾರ ತಾವಾಗಿಯೇ ಬದಲಾಗುತ್ತಿದ್ದವು. ಅದರಲ್ಲಿ ಯಾರಿಗೂ ವಿಶೇಷವೇನೂ ಕಾಣುತ್ತಿರಲಿಲ್ಲ. ನಿವೃತ್ತ ಚಿತ್ರಕಲಾ ಶಿಕ್ಷಕಿ ನೀಲಾಂಬಿಕೆಯವರು, ಬೀದಿ ಗುಡಿಸಿ ತಮ್ಮನ್ನು ಓದಿಸಿದ ತಾಯಿಯ ಚಿತ್ರವನ್ನು ಬರೆದು ಊರಿನ ಕಲಾಭವನಕ್ಕೆ ಕೊಟ್ಟಿದ್ದರು. ಈ ಸೋಮವಾರ ಹೋಗಿ ನೋಡಿದರೆ ತಾಯಿಯ ಕೈಯಲ್ಲಿದ್ದ ಪೊರಕೆ ಮಲ್ಲಿಗೆಯ ದಂಡೆಯಾಗಿತ್ತು. ಮುಖದ ಸುಕ್ಕುಗಳು ಹೋದ ತಿಂಗಳೇ ಮಾಯವಾಗಿದ್ದವು.

“ಈಗ ಲಕ್ಷಣವಾಗಿ ಕಾಣ್ತಾರೆ ಬಿಡಿ, ಟೀಚರ್,” ಎಂದ ಭವನದ ಮೇಲ್ವಿಚಾರಕ ತಿಪ್ಪೇಶ. ಅವನು ಅವರ ಹಳೆಯ ವಿದ್ಯಾರ್ಥಿ. “ಜನಕ್ಕೆ ಪೊರಕೆ ಬೇಡವಂತೆ.”

“ಬೀದಿ ಚೊಕ್ಕಟವಾಗಿರಬೇಕು, ಗುಡಿಸುವವಳು ಮಾತ್ರ ಕಣ್ಣಿಗೆ ಬೀಳಬಾರದು. ಅಲ್ಲವೇನಪ್ಪ?”



ಆಗ ನೀಲಾಂಬಿಕೆಯವರ ಕಣ್ಣು ಚಿತ್ರದ ಬುಡಕ್ಕೆ ಜಾರಿತು. ಸೀರೆಯಂಚಿನ ನೆರಳಿನಲ್ಲಿ ತಾಯಿಯ ಹಿಮ್ಮಡಿ ಅವರು ಬರೆದಂತೆಯೇ ಇತ್ತು: ಮೂರು ಆಳವಾದ ಬಿರುಕು, ಅವುಗಳಲ್ಲಿ ಮೆತ್ತಿದ ಅರಿಸಿನ. ಅಷ್ಟು ಕೆಳಗೆ ಈವರೆಗೆ ಯಾರೂ ನೋಡಿರಲಿಲ್ಲ. ನೋಡಿದ್ದರೆ ಅದೂ ನುಣುಪಾಗಿಬಿಡುತ್ತಿತ್ತು.

ತಿಪ್ಪೇಶನಿಗೆ ಅವರನ್ನು ಸಮಾಧಾನಪಡಿಸಬೇಕೆನಿಸಿತು. “ನೀವು ಬರೆದದ್ದು ಏನಾದ್ರೂ ಉಳಿದಿದ್ರೆ ಹೇಳಿ ಟೀಚರ್. ಬಂದವರಿಗೆಲ್ಲ ನಾನೇ ನಿಂತು ತೋರಿಸ್ತೀನಿ.”

ಸುಳ್ಳಾಡಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದ ನೀಲಾಂಬಿಕೆಯವರು ಆ ಹಿಮ್ಮಡಿಯಿಂದ ದೃಷ್ಟಿಯನ್ನು ಕಿತ್ತು ಮೇಲಕ್ಕೆತ್ತಿದರು.

“ಏನೂ ಉಳಿದಿಲ್ಲಪ್ಪ,” ಎಂದರು. ಆಮೇಲೆ, ಹಿಂದೆ ನಿಂತಿದ್ದ ನೋಡುಗರಿಗೂ ಕೇಳುವಂತೆ, “ಮಲ್ಲಿಗೆ ಮಾತ್ರ ಬಹಳ ಚೆನ್ನಾಗಿ ಬಂದಿದೆ” ಎಂದರು.