ರಾಹುಕಾಲಕ್ಕೆ ಎರಡು ನಿಮಿಷ

ಹಿಂದಿನ ಎರಡು ಸಲವೂ ಕ್ಷಿಪಣಿ ಹಾರಿದ ನಿಮಿಷದಲ್ಲೇ ಸಮುದ್ರದ ಪಾಲಾಗಿತ್ತು. ಮೂರನೆಯದೂ ಕೈಕೊಟ್ಟರೆ ಯೋಜನೆಯೇ ಮುಚ್ಚಿಹೋಗುತ್ತಿತ್ತು. ಆ ಶುಕ್ರವಾರ ಬೆಳಗ್ಗೆ ನಿರ್ದೇಶಕಿ ಬಂದು ನೋಡಿದರೆ, ಕ್ಷಿಪಣಿ ಹೊತ್ತು ನಿಂತ ಲಾರಿಯ ಹನ್ನೆರಡು ಚಕ್ರಗಳಿಗೂ ಒಂದೊಂದು ನಿಂಬೆಹಣ್ಣು!

“ಪದ್ಮರಾಜಯ್ಯ, ಇವತ್ತು ಹೊರಡೋದು ಲಾರಿ ಅಲ್ಲ ಕಣ್ರೀ.”

ಹಿರಿಯ ತಂತ್ರಜ್ಞ ಪದ್ಮರಾಜಯ್ಯ ನಗಲಿಲ್ಲ. “ಹತ್ತೂವರೆಗೆ ರಾಹುಕಾಲ ಶುರು, ಮೇಡಂ. ಅಷ್ಟರೊಳಗೆ ಬಿಟ್ಬಿಡೋಣ.”

“ಗಂಟೆಗೆ ಆರು ಸಾವಿರ ಕಿಲೋಮೀಟರ್ ಓಡೋದನ್ನ ನಿಮ್ಮ ರಾಹು ಎಲ್ಲಿ ಹಿಡೀತಾನೆ?” ಎಂದು ಛೇಡಿಸಿದರೂ, ಹತ್ತು ಇಪ್ಪತ್ತೆಂಟಕ್ಕೆ ಸರಿಯಾಗಿ ಆಕೆಯೇ ಗುಂಡಿ ಒತ್ತಿದರು.

ನೆಲ ನಡುಗಿತು. ಬೆಂಕಿಯ ಗೆರೆಯೊಂದು ಮೋಡದೊಳಗೆ ಮಾಯವಾಯಿತು. ಪರದೆಯ ಮೇಲಿನ ಹಸಿರು ಚುಕ್ಕೆ ಈ ಸಲ ದಾರಿ ತಪ್ಪದೆ ಓಡುತ್ತಲೇ ಇತ್ತು. ಪದ್ಮರಾಜಯ್ಯ ಅದಕ್ಕೆ ಕೈಮುಗಿದರು. ಗಡಿಯಾರ ನೋಡಿದ ನಿರ್ದೇಶಕಿಗೆ ನಗು ತಡೆಯಲಾಗಲಿಲ್ಲ.

“ನಿಮ್ಮ ಲೆಕ್ಕ ತಪ್ಪಿತಲ್ರೀ! ಹೊರಟಿದ್ದೇನೋ ಒಳ್ಳೇ ಹೊತ್ತಲ್ಲೇ. ಆದ್ರೆ ಗುರಿ ಮುಟ್ಟೋಕೆ ಏಳು ನಿಮಿಷ ಬೇಕು. ಹೋಗಿ ಬೀಳೋದು ರಾಹುಕಾಲದಲ್ಲೇ!”

“ಬೀಳಲಿ ಬಿಡಿ ಮೇಡಂ. ಕೆಟ್ಟದ್ದು ಆಗ್ಬೇಕಾಗಿರೋದು ಅಲ್ಲೇ ತಾನೇ?”