ಒಂದು ಡಬ್ಬಿ ರಾಸ್‌ಬೆರಿ

ತೇರದಾಳದ ಪದ್ಮರಾಜ ಮದುವೆ ಮನೆಯ ಸಾರು ಹಿಡಿಸುವಷ್ಟು ದೊಡ್ಡ ಸ್ಟೀಲ್ ಡಬ್ಬಿ ಹಿಡಿದು ಬೈಕಿನಿಂದ ಇಳಿದಾಗ, ಹಿಪ್ಪರಗಿಯ ಶಿವಯೋಗೆಪ್ಪನ ಎದೆ ಹರಿದ ಹಗ್ಗದ ಕೊಡದಂತೆ ದುಡುಂ ಎಂದು ಬಾವಿಗೆ ಬಿತ್ತು. ಆ ಡಬ್ಬಿಯ ತುಂಬ ರಾಸ್‌ಬೆರಿ ಬೇಕಿತ್ತು. ಹಿತ್ತಲಲ್ಲಿ ಹಣ್ಣಾಗಿದ್ದದ್ದು ಒಂದೇ ಒಂದು.

ತಪ್ಪೆಲ್ಲ ನಾಲಿಗೆಯದು. "ನಮ್ಮ ಹಿತ್ತಲದಾಗ ರಾಸ್‌ಬೆರಿ ಎಷ್ಟ ಬಿಟ್ಟಾವಂದ್ರ, ಗಿಳಿ ತಿಂದ ತಿಂದ ಹಾರಾಕಾಗದ ನಡಕೋತ ಹೊಳಿ ದಾಟಾಕತ್ತಾವ" ಎಂದು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಹೇಳಿದ್ದಲ್ಲದೆ, ಬಂದು ಹೊಟ್ಟೆ ತುಂಬ ತಿನ್ನು ಎಂದು ಪದ್ಮರಾಜನನ್ನು ಕರೆದೂ ಬಿಟ್ಟಿದ್ದ. ಆ ಧೈರ್ಯಕ್ಕೆ ಕಾರಣವಿತ್ತು. ಪದ್ಮರಾಜ ನೇಮದ ಜೈನ; ಗುರುತಿಲ್ಲದ ಹಣ್ಣು, ಬೀಜ ತುಂಬಿದ ಹಣ್ಣು ಬಾಯಿಗಿಡುವವನಲ್ಲ. ತಿನ್ನದವನನ್ನೇ ಹುಡುಕಿ ಉಣ್ಣಲು ಕರೆಯುವುದರಲ್ಲಿ ಶಿವಯೋಗೆಪ್ಪನನ್ನು ಮೀರಿಸುವ ದಾನಶೂರ ಏಳು ತಾಲ್ಲೂಕಿನಲ್ಲಿ ಹುಟ್ಟಿರಲಿಲ್ಲ.

"ನೀ ಎಲ್ಲಿ ತಿಂತಿ ಬಿಡಪಾ, ನಿನಗ ನೇಮ," ಎಂದ ಶಿವಯೋಗೆಪ್ಪ, ದೊಡ್ಡ ನಿಟ್ಟುಸಿರು ಬಿಟ್ಟು.

"ನೇಮ ನಂದು. ಸೊಸಿದಲ್ಲ." ಪದ್ಮರಾಜ ಡಬ್ಬಿಯ ಮುಚ್ಚಳ ತೆಗೆದ. "ಸಿದ್ಧಿ ಬಸರಿ ಅದಾಳ. ಪ್ಯಾಟಿ ಹಣ್ಣೆಲ್ಲಾ ತಂದಿಟ್ರೂ ಒಲ್ಲೆ ಅಂತಾಳ. ನಿನ್ನ ರಾಸ್‌ಬೆರಿ ಸುದ್ದಿ ಹೇಳಿದ್ದ ತಡಾ, ಅದ ಬೇಕಂತ ಕುಂತಾಳ."

ಬಸುರಿ ಕೇಳಿದರೆ ಚಂದ್ರನನ್ನಾದರೂ ಇಳಿಸಿ, ಸಿಪ್ಪೆ ಸುಲಿದು, ಹೋಳು ಮಾಡಿ ಕೊಡುವ ಸೀಮೆ ಅದು. ಶಿವಯೋಗೆಪ್ಪ ಹೆಂಡತಿಯ ಮುಖ ನೋಡಿದ. ಗುರುಬಸವ್ವ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು.

"ಬರ್ರಿ ಅಣ್ಣಾರ, ನಿಮ್ಮ ಗೆಳ್ಯಾರ ತೋಟಾ ನೋಡೀರಂತ," ಎಂದು ಅವಳೇ ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಮೊಣಕಾಲೆತ್ತರದ ಎಳೆಯ ಕೋಲುಗಳಷ್ಟೇ ನಿಂತಿದ್ದವು. "ಇದು ಹ್ವಾದ ವರ್ಷದ ಕೋಲಿಗೆ ಈ ವರ್ಷ ಹಣ್ಣ ಬಿಡೂ ಗಿಡ. ಇವ್ರು ಕಬ್ಬು ಅಂತ ತಿಳದು, ಕಡದ ಬುಡದಿಂದ ಕುಳಿ ಬೆಳಿ ಛಲೋ ಚಿಗರತೈತಿ ಅಂತ ಎಲ್ಲಾ ಬುಡಕ ಕಡದ ಒಗದ್ರು. ನಾ ಒಂದ ಕೋಲು ಮಲ್ಲಿಗಿ ಬಳ್ಳ್ಯಾಗ ಮುಚ್ಚಿಟ್ಟಿದ್ದಕ್ಕ ವಂಶ ಉಳದೈತಿ."

ಬಳ್ಳಿ ಸರಿಸಿದಳು. ಕೆಂಪು ಮಣಿಗಳನ್ನು ಒತ್ತೊತ್ತಾಗಿ ಕೂರಿಸಿದಂಥ ಒಂಟಿ ಹಣ್ಣು ತೂಗುತ್ತಿತ್ತು. ಶಿವಯೋಗೆಪ್ಪ ಅದನ್ನು ಅರಮನೆಯ ಖಜಾನೆಯಂತೆ ಕಾದಿದ್ದ. ಹತ್ತಿರ ಬಂದ ಇರುವೆಗೂ ಊರು, ಅಡ್ಡಹೆಸರು ಕೇಳಿಯೇ ಮುಂದೆ ಬಿಡುತ್ತಿದ್ದ. ನಾಳೆ ಮುಂಜಾನೆ ಜಳಕ ಮಾಡಿ ತಾನೇ ತಿನ್ನುವುದೆಂದು ಮುಹೂರ್ತವೂ ಆಗಿತ್ತು.

ಪದ್ಮರಾಜ ಡಬ್ಬಿಯ ಮುಚ್ಚಳ ಮೆಲ್ಲಗೆ ಮುಚ್ಚತೊಡಗಿದ. "ಇರ್ಲಿ ಬಿಡು. ಆಕಿಗೆ ಏನರೆ ಹೇಳತೀನಿ."

"ಏನ ಹೇಳತಿ? ತಗಿ ಮುಚ್ಚಳಾ," ಎಂದ ಶಿವಯೋಗೆಪ್ಪ. ಉಸಿರು ಬಿಗಿಹಿಡಿದು ಹಣ್ಣು ಬಿಡಿಸಿ ಡಬ್ಬಿಯ ನಡುವೆ ಕೂರಿಸಿದ. ಬಯಲಾಟದ ರಂಗದ ಮೇಲೆ ಒಬ್ಬನೇ ನಿಂತ ರಾಜನ ಹಾಗೆ ಕಂಡಿತು.

"ಒಂದ ಏನೋ?"

"ಎರಡ ಕೊಟ್ರ ಆಕಿ ತಾಳಿಕೊಳ್ಳೂದಿಲ್ಲ."

"ರುಚಿ ಹೆಂಗಿರತೈತಿ ಅಂತ ಕೇಳಿದ್ರ?"

ಶಿವಯೋಗೆಪ್ಪ ಮೀಸೆ ನೇವರಿಸಿದ. "ಮೊದಲ ಹುಳಿ. ಕಣ್ಣ ಮುಚ್ಚತಾವ. ಮುಚ್ಚಿದ ಕೂಡ್ಲೆ ಸಿಹಿ ಬಂದು ತಗಸತೈತಿ. ಆಮ್ಯಾಲ, ಗಾಣದ ಮನ್ಯಾಗ ಕುದಿಯೂ ಬೆಲ್ಲಕ್ಕ ಗುಲಾಬಿ ಹೂವ ಒಗದಂಗ ವಾಸನಿ. ಇಲ್ಲಿ ತಿಂದು ಬಸ್ ಹತ್ತಿದ್ರ, ಬಾಗಲಕೋಟಿ ಮುಟ್ಟೂತನಾ ನಾಲಿಗಿ ಬಿಡೂದಿಲ್ಲ."

ಪದ್ಮರಾಜ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಕೂರಿಸಿದ ಹಾಗೆ ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಮೆಲ್ಲಗೆ ಹೊರಟ. ಕಬ್ಬು ತುಂಬಿದ ಟ್ರ್ಯಾಕ್ಟರು, ಅದರ ಹಿಂದೆ ಒಂದು ಎಮ್ಮೆ, ಅವನನ್ನು ದಾಟಿ ಹೋದವು.

"ಅಲ್ಲರಿ," ಎಂದಳು ಗುರುಬಸವ್ವ, "ನೀವು ಯಾವಾಗ ತಿಂದಿದ್ರಿ ಆ ಹಣ್ಣ?"

ಶಿವಯೋಗೆಪ್ಪ ತನ್ನ ಕೈ ನೋಡಿಕೊಂಡ. ಬಿಡಿಸುವಾಗ ಒಂದು ಮಣಿ ಒಡೆದು ಎರಡು ಬೆರಳ ತುದಿ ಕೆಂಪಾಗಿದ್ದವು. ಹೆಬ್ಬೆರಳು ನೆಕ್ಕಿದ. ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ತೆರೆದು, ತೋರುಬೆರಳನ್ನು ಹೆಂಡತಿಯ ಕಡೆ ಚಾಚಿದ.

"ತಗೋ, ನೀನ ನೋಡು. ನಾ ಹೇಳಿದ್ದು ಕಡಿಮಿ ಆತು."